ಬಾಲಗೋಳಿ

ಮಧ್ಯಾಹ್ನ ಮೂರು ಗಂಟೆಗೆ ಅಕ್ಕನ ಕೂಸು ಹಾಲಿಗೆ ಏಳಲಿಲ್ಲ. ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿಗೆ ಹೋಗುವ ತಾಯಂದಿರು ಕೂಸು ಅಳದೆ ಮಲಗಲೆಂದು ಅಫೀಮಿನ ಬಾಲಗೋಳಿ ತಿನ್ನಿಸುತ್ತಿದ್ದ ಕಾಲ ಅದು. ಬೆಳಿಗ್ಗೆ ಅಕ್ಕ ಒಂದು ಗೋಳಿ ಕೊಟ್ಟು ಕೆಲಸಕ್ಕೆ ಹೋಗಿದ್ದಳು. ಅದು ತಿಳಿಯದೆ, ಕೂಸನ್ನು ನೋಡಿಕೊಳ್ಳುವ ನೆರೆಮನೆಯ ಆಯಿ ಮತ್ತೊಂದು ಕೊಟ್ಟಿದ್ದಳು.

ಕಾಲೇಜಿನ ರಜೆಗೆ ಬಂದಿದ್ದ ನಾನು ಅಂಗಾಲು ಚಿವುಟಿದೆ. ಕೂಸು ಮಿಸುಕಲಿಲ್ಲ. ತುಟಿ ನೀಲಿಗಟ್ಟಿತ್ತು.

"ಶಾಣ್ಯಾ ಕೂಸು ಅದು, ಮಲಗಲಿ ಬಿಡೋ," ಎಂದು ಆಯಿ ನಕ್ಕಳು.

"ಆಯಿ, ಉಸರಽ ಇಲ್ಲದಂಗ ಐತಿ!"

ಎತ್ತಿಕೊಂಡು ದವಾಖಾನೆಗೆ ಓಡಿದೆ. ಡಾಕ್ಟರು ತಣ್ಣೀರು ಚಿಮುಕಿಸಿ, ಅಂಗಾಲು ತಟ್ಟುತ್ತಲೇ ಇದ್ದರು. ಸಂಜೆ ಅದು ಚೀರಿ ಅತ್ತಿತು.

ಅಕ್ಕ ಗೋಳಿ ಕೊಡುವುದನ್ನು ಬಿಟ್ಟಳು. ಮುಂದೆ ರಾತ್ರಿಯಿಡೀ ಅಳು. ಅಳು ನಿಂತರೆ ಮಾತ್ರ ಹೆದರಿ ಎದ್ದು, ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದೆವು. ಕಾರ ಹುಣ್ಣಿಮೆಯ ರಾತ್ರಿ ಕೂಸು ಗೋಳಿಯಿಲ್ಲದೆ ಬೆಳಗಿನವರೆಗೂ ಮಲಗಿತು. ಅಂದು ನಾವೂ ಮಲಗಿದೆವು.