ಬೀಡಿಯಾದ ಟಿಕೇಟು

ಬಂಟ್ವಾಳದಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕ ಕುಳಿತು ಉಸ್ಸೆಂದಳು. ಅವಳದು ಬೀಡಿ ಕಟ್ಟುವ ಕೆಲಸ.

“ಸಾಕಾಗಿ ಹೋಗಿದೆ ಅಕ್ಕ. ಬೆಳ್ತಂಗಡಿಯಲ್ಲಿ ತಂಗಿಯ ಮನೆ ಉಂಟು. ಎರಡು ದಿನ ಬೀಡಿ ಎಲೆಯ ಮುಖ ನೋಡುವುದಿಲ್ಲ” ಎಂದವಳು ಆ ಸೆಖೆಯಲ್ಲೇ ನಿದ್ದೆಹೋದಳು.

ದಾರಿಯಲ್ಲಿ ಚೆಕ್ಕಿಂಗಿನವರು ಹತ್ತಿ ಟಿಕೇಟು ಕೇಳಿದರು. ಅವಳು ಗಡಬಡಿಸಿ ಎದ್ದು ಮುಷ್ಟಿ ಬಿಚ್ಚಿದಳು. ಟಿಕೇಟು ಬಿಗಿಯಾಗಿ ಸುರುಳಿ ಸುತ್ತಿ, ಬಾಯಿ ಮಡಚಿ, ಥೇಟ್ ಬೀಡಿಯಾಗಿತ್ತು. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಉಗುರಿನಿಂದ ಬಿಡಿಸಿ ನೋಡಿ, ಅದನ್ನು ನನ್ನ ಕೈಗೆ ಕೊಟ್ಟರು.

“ನೀವೇ ಇಟ್ಟುಕೊಳ್ಳಿ. ಇವರಿಗೆ ಕೊಟ್ಟರೆ ಮತ್ತೆ ಕಟ್ತಾರೆ. ನನ್ನ ಹೆಂಡತಿಯದ್ದೂ ಇದೇ ಕತೆ.”

ಅವಳು ಪುನಃ ಕಣ್ಣು ಮುಚ್ಚಿದಳು. ಟಿಕೇಟು ನನ್ನ ಚೀಲದಲ್ಲಿತ್ತು. ಅವಳ ಬೆರಳುಗಳು ಸೆರಗಿನ ತುದಿಯನ್ನು ಹುಡುಕಿ ಸುತ್ತತೊಡಗಿದವು.