ಮಡ್‌ಗಾರ್ಡ್ ಬಿಚ್ಚದ ಸೈಕಲ್

ಮೊನ್ನೆ ಮಳೆ ನಿಂತ ಮೇಲೆ ಮೊಮ್ಮಗ ಹೊಲದಿಂದ ಮೋಟಾರ್ ಸೈಕಲ್ಲನ್ನು ತಳ್ಳಿಕೊಂಡೇ ಬಂದ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಕೂತಿದ್ದ ಎರೆಮಣ್ಣನ್ನು ಕಡ್ಡಿಯಿಂದ ಕೆದಕತೊಡಗಿದ. ಹಸಿ ಎರೆಮಣ್ಣಿಗೆ ಚೈನಿನ ಎಣ್ಣೆ ಬೆರೆತ ಆ ವಾಸನೆ... ಈ ವಯಸ್ಸಿನಲ್ಲೂ ಅದು ಮೂಗಿಗೆ ಬಡಿದರೆ ಎದುರು ಮನೆಯಲ್ಲಿದ್ದ ಮಾಸ್ತರರು ನೆನಪಾಗುತ್ತಾರೆ.

ನಾನು ಅಂದೋಲಾಕ್ಕೆ ಸೊಸೆಯಾಗಿ ಬಂದಾಗ ನಿಜಾಮನ ಕಾಲ. ಮಾಸ್ತರರು ಊರ ಹುಡುಗರಿಗೆ ಉರ್ದು ಅಕ್ಷರ ತಿದ್ದಿಸುತ್ತಿದ್ದರು. ಸಣ್ಣ ದನಿಯ, ಬಿಳಿ ಅಂಗಿಯ ಮನುಷ್ಯ. ಅವರ ಹೆಂಡತಿ ಆಳಂದದ ಕಡೆಯವಳು, ನನ್ನ ವಾರಿಗೆಯವಳು. ಇಬ್ಬರೂ ಒಂದೇ ವರ್ಷ ಈ ಊರಿಗೆ ಬಂದವರು, ಇಬ್ಬರಿಗೂ ಅತ್ತೆಯ ಕಾಟ. ಹೀಗಾಗಿ ಗೆಳೆತನಕ್ಕೆ ತಡವಾಗಲಿಲ್ಲ.

ಆಗೆಲ್ಲ ಸೈಕಲ್ ನೋಡಿ ಸವಾರನ ಊರು ಹೇಳಬಹುದಿತ್ತು. ಆಳಂದದ ಕಡೆ ಕಲ್ಲುನೆಲ, ಗಾಲಿಗೆ ಹತ್ತದ ಮೊರಂ ಮಣ್ಣು. ಅಲ್ಲಿಯವರ ಸೈಕಲ್ಲಿಗೆ ಮಡ್‌ಗಾರ್ಡು, ಚೈನಿನ ಡಬ್ಬಿ, ಗಂಟೆ ಎಲ್ಲ ಇದ್ದು ಮದುಮಗನ ಕಳೆ ಇರುತ್ತಿತ್ತು. ಭೀಮಾ ದಂಡೆಯ ಕರಜಗಿಯವರು ಉಸುಕಿನಲ್ಲಿ ಹೂತುಹೋಗದಿರಲೆಂದು ಗಾಲಿಯ ಗಾಳಿ ಅರ್ಧ ಬಿಟ್ಟು ಓಡಿಸುತ್ತಿದ್ದರು. ನಮ್ಮ ಎರೆನೆಲದ ಸ್ವಭಾವವೇ ಬೇರೆ. ಬೇಸಿಗೆಯಲ್ಲಿ ಬಾಯಿಬಿಡುತ್ತದೆ, ಮಳೆಯಲ್ಲಿ ಹಿಡಿದದ್ದನ್ನು ಬಿಡುವುದಿಲ್ಲ. ಮುಂಗಾರಿನ ಮಿರಗದ ಮಳೆಗೆ ಮುಂಚೆಯೇ ನಮ್ಮೂರ ನಾಲ್ಕಾರು ಸೈಕಲ್ಲುಗಳು ಮಡ್‌ಗಾರ್ಡು ಕಳಚಿ ಬತ್ತಲೆಯಾಗುತ್ತಿದ್ದವು. ಮಡ್‌ಗಾರ್ಡಿದ್ದರೆ ಮಣ್ಣು ಅದರೊಳಗೆ ತುಂಬಿ ಗಾಲಿಯೇ ನಿಂತುಬಿಡುತ್ತದೆ. ಗಾಲಿಗೆ ಹತ್ತಿದ ಮಣ್ಣು ತಿರುಗುತ್ತ ತಾನೇ ಉದುರಬೇಕಲ್ಲ! ಬೆನ್ನತುಂಬ ಕೆಸರು ಸಿಡಿದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಮಾಸ್ತರರ ಸೈಕಲ್ಲು ಮಾತ್ರ ಆಳಂದದ್ದು. ಮಾವ ಮದುವೆಯಲ್ಲಿ ಕುಂಕುಮ ಹಚ್ಚಿ ಕೊಟ್ಟದ್ದು. ಜನ ಕಾಡುತ್ತಿದ್ದರು, "ಮಾಸ್ತರ್ರ, ಮಳಿಗಾಲದಾಗ ನಿಮ್ಮ ಸೈಕಲ್ಲಿಗಿ ಎತ್ತು ಹೂಡಬೇಕಾಗ್ತದ ನೋಡ್ರಿ." ಅವರಿಗೂ ಗೊತ್ತಿತ್ತು. ಒಂದು ಸಂಜೆ ನಟ್ಟು ಬಿಚ್ಚುವ ಪಾನಾ ಎರವಲು ತಂದು ಮಡ್‌ಗಾರ್ಡು ಬಿಚ್ಚಲು ಕೂತೇಬಿಟ್ಟಿದ್ದರು. ತುಂಬಿದ ಬಸುರಿ ಹೆಂಡತಿ ಹೊಸ್ತಿಲಲ್ಲಿ ನಿಂತು ತಡೆದಳು.

"ಬಿಚ್ಚಬ್ಯಾಡ್ರಿ. ಅಪ್ಪ ತೊಟ್ಟಿಲಕ್ಕ ಬರ್ತಾನ. ಕೊಟ್ಟಿದ್ದು ಹ್ಯಾಂಗದನೋ ಹಾಂಗೇ ಇರಲಿ, ಅವ ಒಮ್ಮಿ ನೋಡ್ಲಿ. ಆಮ್ಯಾಲ ಬೇಕಾದ್ದು ಮಾಡ್ರಿ."

ತಾಯಿಯಿಲ್ಲದ ತವರು ಅವಳದು. ಚೊಚ್ಚಲ ಹೆರಿಗೆಗೂ ಕರೆದೊಯ್ಯುವವರಿರಲಿಲ್ಲ. ಅಪ್ಪ ಬರುತ್ತಾನೆಂಬುದೊಂದೇ ಅವಳ ಸಂಭ್ರಮ. ಮಾಸ್ತರರು ನಕ್ಕು ಪಾನಾ ವಾಪಸು ಕೊಟ್ಟು ಬಂದರು.

ಮಳೆ ಹಿಡಿದ ಮೂರನೆಯ ಬೆಳಿಗ್ಗೆ ಅವಳಿಗೆ ನೋವು ಬಂತು. ನಾನೂ ಹೋದೆ. ಸೂಲಗಿತ್ತಿ ಒಳಗೆ ನೋಡಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಕೂಸು ಅಡ್ಡ ತಿರುಗಿತ್ತು. "ಇದು ನನ್ನ ಕೈಲೆ ಆಗಂಗಿಲ್ರಿ ಮಾಸ್ತರ್ರ. ಜೇವರ್ಗಿ ಡಾಕ್ಟರಗ ಕರ್ಕೊಂಡು ಬರ್ರಿ, ಲಗೂನ."

ಜೇವರ್ಗಿಯ ಡಾಕ್ಟರರಿಗೆ ಕುದುರೆ ಇತ್ತು. ಸುದ್ದಿ ಮುಟ್ಟಿದರೆ ಸಾಕು, ಎಂಥ ಕೆಸರಿನಲ್ಲೂ ಬರುವವರು. ಬೇರೆಯವರ ಸೈಕಲ್ ಒಯ್ಯಿ ಎಂದು ಅವಳ ಅತ್ತೆ ಕೂಗುವುದರೊಳಗೆ ಮಾಸ್ತರರು ತಮ್ಮದನ್ನೇ ಹತ್ತಿ ಓಣಿ ದಾಟಿಬಿಟ್ಟಿದ್ದರು.

ಒಳಗೆ ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮಧ್ಯಾಹ್ನವಾಯಿತು. ಕುದುರೆಯ ಸಪ್ಪಳವಿಲ್ಲ. "ಅವರು ಬಂದ್ರೇನ ಬೇ?" ಎಂದು ಕೇಳುತ್ತಿದ್ದಳು. ಬರ್ತಾರ, ಬರ್ತಾರ ಎನ್ನುತ್ತಿದ್ದೆ. ಆಮೇಲೆ ಕೇಳುವುದನ್ನೂ ಬಿಟ್ಟಳು... ದನ ಮನೆಗೆ ಬರುವ ಹೊತ್ತಿಗೆ ಅವಳ ಕೈ ನನ್ನ ಕೈಯಲ್ಲೇ ತಣ್ಣಗಾಯಿತು. ಕೂಸು ಹೊಟ್ಟೆಯಲ್ಲೇ ಹೋಯಿತು.

ಡಾಕ್ಟರರು ಬಂದಾಗ ಕತ್ತಲಾಗಿತ್ತು. ಅವರ ತಪ್ಪೇನೂ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸುದ್ದಿ ಕೇಳಿ ನಿಂತ ಕಾಲಲ್ಲೇ ಹೊರಟಿದ್ದರು. "ಮಧ್ಯಾಹ್ನಕ್ಕ ತಿಳಿದಿದ್ರ ಏನರ ಮಾಡ್ತಿದ್ದೆ" ಎಂದಷ್ಟೇ ಹೇಳಿದರು. ಮಾಸ್ತರರು ಬಂದದ್ದು ಅವರಿಗಿಂತ ಎಷ್ಟೋ ಹೊತ್ತಿನ ಮೇಲೆ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು. ಕಣ್ಣೆರಡು ಬಿಟ್ಟರೆ ಮೈಯೆಲ್ಲ ಎರೆಮಣ್ಣು.

ಊರ ಹಳ್ಳ ದಾಟುತ್ತಲೇ ಗಾಲಿ ಸಿಕ್ಕಿಕೊಂಡಿತಂತೆ. ಬೆರಳಿಂದ ಮಣ್ಣು ಕೆದಕಿದ್ದು, ನಾಲ್ಕು ಮಾರು ತಳ್ಳಿದ್ದು, ಮತ್ತೆ ಸಿಕ್ಕಿದ್ದು. ಬಿಚ್ಚೋಣವೆಂದರೆ ಪಾನಾ ಇಲ್ಲ. ಕೊನೆಗೆ ಜೇವರ್ಗಿಯವರೆಗೂ ಹೊತ್ತೇ ನಡೆದಿದ್ದರು.

ಮೂರನೆಯ ದಿನ ಆಳಂದದಿಂದ ಅವಳ ಅಪ್ಪ ಬಂದ. ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಮುಂದೆ ಬಹಳ ಹೊತ್ತು ನಿಂತ. "ಇದನ್ನ ಅಲ್ಲೇ ಬಿಟ್ಟು ಓಡಬೇಕಿತ್ತಲ್ರಿ" ಎಂದ, ಅಳುತ್ತಲೇ.

"ಇನ್ನೇನ್ ಗಟ್ಟಿ ದಾರಿ ಹತ್ತತದ, ಹತ್ತತದ ಅಂತ ಹೊಂಟೆ ಮಾವಾರ... ಹತ್ತಲಿಲ್ಲ."

"ಮತ್ತ ಮಳಿಗಾಲದಾಗ ಈ ಮಡ್‌ಗಾರ್ಡು ಯಾಕ ಬಿಚ್ಚಿರಲಿಲ್ರಿ?"

ಮಾಸ್ತರರು ತಲೆ ಎತ್ತಲಿಲ್ಲ. "ನೀವು ನೋಡ್ಲಿ ಅಂತಂದಿದ್ಳ್ರಿ."

ಆ ಮುದುಕ ನಿಂತಲ್ಲೇ ಕುಸಿದದ್ದನ್ನು ನಾನು ಕಂಡೆ. ಅಂಥ ಅಳು ಮತ್ತೆ ಕೇಳಿಲ್ಲ, ಕೇಳುವುದೂ ಬೇಡ.

ಮಾಸ್ತರರು ಆಮೇಲೆ ಸೈಕಲ್ ಹತ್ತಲಿಲ್ಲ. ಶಾಲೆ ಬಿಟ್ಟ ಮೇಲೆ ನಮ್ಮ ಕಟ್ಟೆಗೆ ಬಂದು ಕೂರುವರು. ಬೇರೆ ಮಾತಿಲ್ಲ. "ಎಷ್ಟೊತ್ತಿಗಿ ಹೋದ್ಳವಾ?" ಎಂದು ಕೇಳುವರು. "ದನ ಮನೀಗಿ ಬರೋ ಹೊತ್ತಿಗ್ರಿ" ಎನ್ನುವೆ. ಬತ್ತಲೆ ಸೈಕಲ್ಲಾದರೆ ಎಲ್ಲಿಯವರೆಗೆ ಮುಟ್ಟಿರುತ್ತಿದ್ದೆ, ಕುದುರೆ ಎಷ್ಟೊತ್ತಿಗೆ ಬರುತ್ತಿತ್ತು ಎಂದು ತಮ್ಮಷ್ಟಕ್ಕೇ ಗೊಣಗುತ್ತ ಲೆಕ್ಕ ಹಾಕುವರು. ಪ್ರತಿ ಸಲವೂ ಅವಳನ್ನು ಉಳಿಸುವಷ್ಟು ಹೊತ್ತು ಉಳಿಯುತ್ತಿತ್ತು. ಎದ್ದು ಹೋಗುವರು. ಮರುದಿನ ಮತ್ತೆ ಅದೇ ಪ್ರಶ್ನೆ, ನನ್ನ ಉತ್ತರ ಇವತ್ತಾದರೂ ಬದಲಾದೀತೇನೋ ಎಂಬಂತೆ.

ಮುಂದಿನ ಬೇಸಿಗೆಗೆ ಅವರು ಬೇರೆ ಊರಿನ ಶಾಲೆಗೆ ಹೋದರು. ಅಫಜಲಪುರದ ಕಡೆ ಎಲ್ಲೋ ತೀರಿಕೊಂಡರೆಂದು ಬಹಳ ವರ್ಷದ ಮೇಲೆ ಯಾರೋ ಹೇಳಿದರು. ಈಗ ಜೇವರ್ಗಿಗೆ ಡಾಂಬರು ರಸ್ತೆಯಾಗಿದೆ, ಹೆರಿಗೆಗೆ ಗಾಡಿ ಮನೆ ಬಾಗಿಲಿಗೇ ಬರುತ್ತದೆ. ಕಟ್ಟೆಯ ಮೇಲೆ ಸಂಜೆ ಒಬ್ಬಳೇ ಕೂರುತ್ತೇನೆ. ದನ ಮನೆಗೆ ಬರುತ್ತವೆ. ಅವಳು ಎಷ್ಟು ಹೊತ್ತಿಗೆ ಹೋದಳೆಂದು ಕೇಳುವವರು ಯಾರೂ ಉಳಿದಿಲ್ಲ.