ಮೊದಲ ಗುಟುಕು

ಅವರ ಕೆಳತುಟಿಯ ಮೇಲೆ ಸದಾ ಕಾಫಿಯ ಕಂದು ಕಲೆ ಇರುತ್ತಿತ್ತು. ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಫಿ ಮಾಡುತ್ತಿದ್ದ ಆ ಅಜ್ಜ, ದಿನದ ಮೊದಲ ಗುಟುಕನ್ನು ಬಾಯಿ ತುಂಬ ಹೊರಳಿಸಿ, ಗಿರಾಕಿಗಳ ಎದುರೇ ಚರಂಡಿಗೆ ಪಿಚಕ್ಕನೆ ಉಗುಳುತ್ತಿದ್ದರು. ನಮಗೆ ಕೊಡುತ್ತಿದ್ದದ್ದು ಆಮೇಲೆ. ಶಾಲೆಯ ಬಸ್ಸಿಗೆ ಕಾಯುವ ಟೀಚರಾದ ನನಗೆ ದಿನವೂ ವಾಕರಿಕೆ. ಆದರೂ ಆ ಕಾಫಿ ಬಿಡಲಾಗುತ್ತಿರಲಿಲ್ಲ. ಹಿತ್ತಾಳೆ ಫಿಲ್ಟರಿನಿಂದ ಡಿಕಾಕ್ಷನ್ ತಾನಾಗಿ ಇಳಿಯುವವರೆಗೆ ಅವರು ಯಾರಿಗೂ ಜಗ್ಗುತ್ತಿರಲಿಲ್ಲ.

ಆಮೇಲೆ ಹೋಟೆಲಿನ ಸಾವಕಾರರು ಹಳೆಯ ಕಾಫಿ ಮಷಿನ್ ತಂದಿಟ್ಟರು. ಬೋರಿನ ಸವಳು ನೀರು ಅದರ ಹೊಟ್ಟೆಯಲ್ಲಿ ಸುಣ್ಣದ ಕರೆ ಕಟ್ಟಿಸಿತು. ಕಾಫಿಗೆ ತುಕ್ಕಿನ ಒಗರು ಬಂತು.

"ಪುಡಿನೂ ಅದ ಐತಿ, ಹಾಲೂ ಅದ ಐತಿ. ರುಚಿ ಕೆಡಿಸಿದ್ದು ಈ ಡಬ್ಬಿ ನೋಡ್ರಿ" ಎಂದರು ಅಜ್ಜ.

"ಊರೆಲ್ಲಾ ಕುಡೀತೈತಿ, ನಿನ್ನ ನಾಲಿಗಿಗೇನು ಬ್ಯಾನಿ ಬಂದೈತೋ ಅಜ್ಜ?" ಎಂದು ಸಾವಕಾರರು ನಕ್ಕರು.

ಒಂದು ಬೆಳಿಗ್ಗೆ ನನ್ನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅಜ್ಜ ಒಳಗಿದ್ದರು. ಸಾವಕಾರರೇ ಮಷಿನ್ನಿನಿಂದ ಲೋಟ ತುಂಬಿ ಕೊಟ್ಟರು. ತುಟಿಗೆ ತಾಗಿಸುವಷ್ಟರಲ್ಲಿ ಅಜ್ಜ ಓಡಿ ಬಂದು ಕಸಿದುಕೊಂಡರು.

"ತಡಿಯವ್ವಾ, ನಾ ಇನ್ನೂ ರುಚಿ ನೋಡಿಲ್ಲ!"

ನನ್ನ ಲೋಟಕ್ಕೇ ಬಾಯಿ ಹಾಕಿದರು.

"ಛೀ!" ಎಂದೆ.

ಅವರು ಉಗುಳಿದರು. ಮತ್ತೆ ಮತ್ತೆ ಉಗುಳಿ, ಬಾಯಿ ಮುಚ್ಚಲಾಗದೆ ಕುಸಿದು ಕುಳಿತರು. ನಾಲಿಗೆ ಬೆಳ್ಳಗಾಗಿತ್ತು. ನೆಲಕ್ಕೆ ಬಿದ್ದ ಕಾಫಿಯ ನೊರೆಯ ಕೆಳಗೆ ಹಾಲು ಗಂಟುಗಂಟಾಗಿ ಒಡೆದಿತ್ತು. ಹಿಂದಿನ ಸಂಜೆ ಸುಣ್ಣದ ಕರೆ ಬಿಡಿಸಲು ಸಾವಕಾರರು ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಮಷಿನ್ನಿಗೆ ಸುರಿದಿದ್ದರು.

"ಒಂದ್ಸಲ ನೀರು ಬಿಟ್ಟಿದ್ನಲ್ರಿ!" ಎಂದು ಮಷಿನ್ನನ್ನೇ ಒರೆಸುತ್ತಾ ನಿಂತಿದ್ದರು. ಈಗಲೂ ಯಾವ ಲೋಟ ಎತ್ತಿದರೂ ಆ ಆಸಿಡ್ಡಿನ ಘಾಟು ಮೂಗಿಗೆ ಅಡರುತ್ತದೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಸುಡುತ್ತಿದ್ದುದು ನನ್ನ ಗಂಟಲು. ಅದಕ್ಕೆ ಅಡ್ಡ ಬಂದವರಿಗೆ ನಾನು ಹೇಳಿದ್ದು ಛೀ ಎಂದು.

ಅಜ್ಜನ ನಾಲಿಗೆಯ ಗಾಯ ಮಾಯಿತು, ರುಚಿ ಮರಳಲಿಲ್ಲ. ಅವರು ತೀರಿಕೊಳ್ಳುವವರೆಗೂ ಪ್ರತಿ ಭಾನುವಾರ ಅವರ ಮನೆಗೆ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಒಯ್ಯುತ್ತಿದ್ದೆ. ಮೊದಲ ಸಲ ಒಯ್ದಾಗ ಅವರು ಒಂದು ಗುಟುಕನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು, ಉಗುಳದೆ ನುಂಗಿದರು.

"ಬಿಸಿ ಐತಿ, ಅಷ್ಟ ತಿಳೀತೈತಿ. ರುಚಿ ಹೆಂಗೈತಿ, ನೀನ ಹೇಳವ್ವಾ."

ಅವರ ಕೈಯಿಂದ ಅದೇ ಲೋಟ ತೆಗೆದುಕೊಂಡು ಕುಡಿದೆ.

"ಒಂಚೂರು ಕಹಿ ಐತಜ್ಜ."

"ಅವಸರ ಮಾಡೀದಿ" ಎಂದು ಅಜ್ಜ ಅರಳಿದರು. "ಫಿಲ್ಟರ್ ತಟ್ಟಿ ಇಳಿಸಿರಬೇಕು ನೀ. ಮುಂದಿನ ವಾರ ತಾನ ಇಳೀಲಿ, ಬಿಡು."